ಕಳೆಯ ಕೂಲಿ ಉಳಿಯಿತು, ಹೊಲದ ಸಾಲ ಬೆಳೆಯಿತು



ಸೊಸೈಟಿಯ ಸಾಲ ಎಷ್ಟು ಎಂದು ಕೇಳಿದರೆ ನೀವು ಪೈಸೆ ಸಮೇತ ಹೇಳುತ್ತೀರಿ. ಬ್ಯಾಂಕಿನ ಬೆಳೆಸಾಲ, ಹೆಂಡತಿಯ ಒಡವೆ ಅಡವಿಟ್ಟ ಸಾಲ, ಮಂಡಿ ಸಾಹುಕಾರನ ಕೈಗಡ, ಎಲ್ಲದರ ಅಸಲು ಬಡ್ಡಿ ನಿಮ್ಮ ನಾಲಿಗೆಯ ತುದಿಯಲ್ಲಿದೆ. ಆದರೆ ಯಾವ ಪಾಸ್ ಪುಸ್ತಕದಲ್ಲೂ ಬರೆಯದ ಇನ್ನೊಂದು ಸಾಲ ನಿಮ್ಮ ಹೊಲದ ಮಣ್ಣಿನಲ್ಲಿ, ನಿಮ್ಮ ಬಾವಿಯ ನೀರಿನಲ್ಲಿ ಕೂತಿದೆ. ಆ ಸಾಲದ ಪತ್ರಕ್ಕೆ ನೀವು ಹೆಬ್ಬೆಟ್ಟು ಒತ್ತಿಲ್ಲ. ಲಾಭ ತಿಂದವನು ಒಬ್ಬ, ತೀರಿಸುವವರು ನೀವು. ಅದು ಕಳೆನಾಶಕದ ಸಾಲ. ಅದರ ಲೆಕ್ಕ ಬಿಚ್ಚಿ ನೋಡುವ ಕಾಲ ಬಂದಿದೆ.

ಕೂಲಿಯ ಲೆಕ್ಕ

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಕಳೆ ಔಷಧಿ ಹೊಡೆದ ರೈತನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಮುಂಗಾರಿನಲ್ಲಿ ಎಂಟು ದಿನ ಬಿಡದೆ ಮಳೆ ಹಿಡಿದರೆ ಎಡೆಕುಂಟೆ ಹೊಲಕ್ಕೆ ಇಳಿಯುವುದಿಲ್ಲ. ಎಷ್ಟೋ ಮನೆಗಳ ಹಟ್ಟಿಯಲ್ಲಿ ಈಗ ಎತ್ತೇ ಇಲ್ಲ. ಕಳೆ ಕೀಳುವ ಹೆಣ್ಣಾಳು ಬೇಕೆಂದಾಗ ಸಿಗುವುದಿಲ್ಲ. ಸಿಕ್ಕರೂ ಅವರಿಗೆ ನ್ಯಾಯವಾದ ಕೂಲಿ ಕೊಡಲು ನಮ್ಮ ಫಸಲಿನ ಬೆಲೆ ಬಿಡುವುದಿಲ್ಲ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಎಂದು ಸಾರಿತು. 2025ರ ನವೆಂಬರಿನಲ್ಲಿ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಅದೇ ಮೆಕ್ಕೆಜೋಳ 2000 ರೂಪಾಯಿಗೂ ಕೆಳಗೆ ಬಿತ್ತು, ರೈತರು ರಸ್ತೆಗೆ ಇಳಿದರು. ಇಂಥ ಬೆಲೆಯಲ್ಲಿ ಎರಡು ಸಲ ಕಳೆ ತೆಗೆಸು ಎಂದರೆ ಯಾವ ಕೈಯಿಂದ ತೆಗೆಸೋಣ?

ಆದ್ದರಿಂದ ಅಂಗಡಿಯವನು ಪುಡಿಯ ಪೊಟ್ಟಣ ಮುಂದಿಟ್ಟು "ಹತ್ತು ಆಳಿನ ಕೆಲಸ ಒಬ್ಬನೇ ಮಾಡ್ತಾನೆ ನೋಡಿ" ಎಂದಾಗ ನಾವು ತೆಗೆದುಕೊಂಡೆವು. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಆದರೆ ಅವನು ಹೇಳಿದ್ದು ಲೆಕ್ಕದ ಮೊದಲ ಸಾಲು ಮಾತ್ರ. ಉಳಿದ ಸಾಲುಗಳನ್ನು ಅವನೂ ಹೇಳಲಿಲ್ಲ, ಅವನಿಗೆ ಮಾಲು ಕಳಿಸಿದ ಕಂಪನಿಯೂ ಹೇಳಲಿಲ್ಲ, ಅದಕ್ಕೆ ಪರವಾನಗಿ ಕೊಟ್ಟ ಸರ್ಕಾರವೂ ಹೇಳಲಿಲ್ಲ. ಅವನ್ನು ನಾವೇ ಓದೋಣ.

ಮಣ್ಣಿಗೆ ಬಿದ್ದ ಮೇಲೆ

ಸಿಂಪಡಿಸಿದ ಔಷಧಿಯೆಲ್ಲ ಕಳೆಗೇ ಹೋಗುವುದಿಲ್ಲ. ಬಿತ್ತಿದ ಒಂದೆರಡು ದಿನದಲ್ಲಿ, ಕಳೆ ಹುಟ್ಟುವ ಮೊದಲೇ ಹೊಡೆಯುವಂಥದ್ದಂತೂ ನೇರವಾಗಿ ನೆಲಕ್ಕೇ ಬೀಳುತ್ತದೆ. ನೆಲಕ್ಕೆ ಬಿದ್ದದ್ದಕ್ಕೆ ನಾಲ್ಕು ದಾರಿ. ಒಂದು, ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದು. ಎರಡು, ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಕರಗಿಸುವುದು. ಮೂರು, ನೀರಿನ ಜೊತೆ ಹರಿದೋ ಇಂಗಿಯೋ ಹೋಗುವುದು. ನಾಲ್ಕು, ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಬೀಳುವುದು. ಯಾವ ಔಷಧಿ ಯಾವ ದಾರಿ ಹಿಡಿಯುತ್ತದೆ ಎಂಬುದು ಅದರ ಜಾತಿಯ ಮೇಲೆ, ನಿಮ್ಮ ಮಣ್ಣಿನ ಗುಣದ ಮೇಲೆ, ಆ ವರ್ಷದ ಮಳೆಯ ಮೇಲೆ ಇದೆ.

ಪ್ಯಾರಾಕ್ವಾಟ್ ಜಿಗುಟು ಮಣ್ಣಿಗೆ ಎಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗ್ಲೈಫೋಸೇಟ್ ಕೂಡ ಜಿಗುಟು ಮಣ್ಣಿಗೆ, ಕೆಂಪು ಮಣ್ಣಿನ ಕಬ್ಬಿಣದ ಅಂಶಕ್ಕೆ ಅಂಟಿಕೊಳ್ಳುವ ಜಾತಿ. ಇದನ್ನೇ ಹಿಡಿದುಕೊಂಡು ಏಜೆಂಟರು "ಮಣ್ಣಿಗೆ ಬಿದ್ದರೆ ಸತ್ತ ಹಾಗೆ, ಏನೂ ಭಯ ಬೇಡ" ಅಂತ ಊರೂರು ಹೇಳಿಕೊಂಡು ತಿರುಗುತ್ತಾರೆ. ಅಂಟಿಕೊಂಡದ್ದು ಸತ್ತದ್ದಲ್ಲ, ಬಂಧುಗಳೇ. ಮಣ್ಣು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ ಹೋಗುತ್ತದೆ. ಬದು ಒಡೆದು ಮೇಲ್ಮಣ್ಣು ಕೊಚ್ಚಿಕೊಂಡು ಹೋದ ಮಳೆಯಲ್ಲಿ ಅದು ಹಳ್ಳ ಸೇರಿ ಕೆರೆ ಸೇರುತ್ತದೆ. ಆ ಕೆರೆಯ ಹೂಳನ್ನು ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಸುವವರು ಯಾರು? ನಾವೇ ಅಲ್ಲವೇ? ಗ್ಲೈಫೋಸೇಟ್ ಒಡೆದಾಗ ಅಂಪಾ ಎಂಬ ಮರಿ ಹುಟ್ಟುತ್ತದೆ. ಮರಿಯ ಆಯುಷ್ಯ ತಾಯಿಗಿಂತ ಹೆಚ್ಚು. ತಾಯಿ ಸತ್ತಳು ಎಂದು ಏಜೆಂಟ ಹೇಳುತ್ತಾನೆ, ಮರಿಯ ಸುದ್ದಿ ಎತ್ತುವುದಿಲ್ಲ.

ಇನ್ನು ಮೆಕ್ಕೆಜೋಳಕ್ಕೂ ಕಬ್ಬಿಗೂ ಹಾಕುವ ಅಟ್ರಜಿನ್. ಇದು ಮಣ್ಣಿಗೆ ಸಡಿಲವಾಗಿ ಅಂಟುವ ಜಾತಿ. ನೀರು ಕರೆದ ಕಡೆ ಹೊರಟು ಬಿಡುತ್ತದೆ. 2,4-ಡಿ ಬೇಗ ಕರಗುತ್ತದೆ ನಿಜ, ಎರಡು ಮೂರು ವಾರದಲ್ಲಿ ಬಹುಪಾಲು ಮುಗಿಯುತ್ತದೆ. ಆದರೆ ಅಷ್ಟರೊಳಗೆ ಮಳೆ ಬಂದರೆ ಸಲೀಸಾಗಿ ಹರಿದು ಹೋಗುತ್ತದೆ. ಅದರ ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಗಾಳಿ ಹಿಡಿಯುತ್ತದೆ. ಪಕ್ಕದವನ ಹತ್ತಿ, ಟೊಮೆಟೊ, ದ್ರಾಕ್ಷಿಯ ಎಲೆ ಮುದುಡಿ ಬೆರಳಿನ ಹಾಗೆ ಸಣ್ಣಗಾದರೆ ಅಣ್ಣ ತಮ್ಮಂದಿರು ಬದುವಿನ ಮೇಲೆ ನಿಂತು ಬಡಿದಾಡುತ್ತಾರೆ. ಮಾರಿದವನು ಅಂಗಡಿಯಲ್ಲಿ ತಣ್ಣಗೆ ಕೂತಿರುತ್ತಾನೆ.

ಅರ್ಧಾಯುಷ್ಯ ಎಂಬ ಬಡ್ಡಿ

ಔಷಧಿಯ ಪ್ರಮಾಣ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಬೇಕಾಗುವ ದಿನಗಳಿಗೆ ಅರ್ಧಾಯುಷ್ಯ ಅಂತಾರೆ. ಇದೊಂದು ಮಾತು ಪ್ರತಿ ರೈತನಿಗೂ ಗೊತ್ತಿರಬೇಕು. ಅಟ್ರಜಿನ್‌ಗೆ ಪುಸ್ತಕಗಳು ಸುಮಾರು 60 ದಿನ ಎಂದು ಹೇಳುತ್ತವೆ. ಅಂದರೆ 60 ದಿನಕ್ಕೆ ಎಲ್ಲ ಮುಗಿಯಿತು ಎಂದಲ್ಲ, ಅರ್ಧ ಉಳಿಯಿತು ಎಂದು. ನೂರಕ್ಕೆ 50 ಸಕ್ರಿಯಾಂಶ ಇರುವ ಅರ್ಧ ಕಿಲೋ ಪೊಟ್ಟಣವನ್ನು ಜೂನಿನಲ್ಲಿ ಒಂದು ಎಕರೆಗೆ ಹೊಡೆದರೆ ಹೊಲಕ್ಕೆ ಬಿದ್ದ ಅಸಲು 250 ಗ್ರಾಂ. ಆಗಸ್ಟಿಗೆ 125. ಅಕ್ಟೋಬರಿಗೆ, ನೀವು ಹಿಂಗಾರಿ ಬಿತ್ತನೆಗೆ ಕೂರಿಗೆ ಕಟ್ಟುವ ಹೊತ್ತಿಗೆ, ಸುಮಾರು 62 ಗ್ರಾಂ.

ಇದೂ ಒಳ್ಳೆಯ ವರ್ಷದ ಲೆಕ್ಕ. ಕರಗಿಸುವವರು ಸೂಕ್ಷ್ಮಜೀವಿಗಳು. ಅವಕ್ಕೆ ಬೇಕಾದದ್ದು ತೇವ, ಬೆಚ್ಚನೆಯ ನೆಲ, ತಿನ್ನಲು ತಿಪ್ಪೆಗೊಬ್ಬರ. ಇವು ಮೂರೂ ಇದ್ದ ಹೊಲದಲ್ಲಿ ಔಷಧಿ ಪುಸ್ತಕದ ಲೆಕ್ಕಕ್ಕಿಂತ ಬೇಗ ಕರಗಬಹುದು. ಮಳೆ ಕೈಕೊಟ್ಟ ವರ್ಷ ನೆಲ ಒಣಗುತ್ತದೆ, ಜೀವಿಗಳು ಮಲಗುತ್ತವೆ, ಔಷಧಿ ಕರಗುವುದು ನಿಧಾನವಾಗುತ್ತದೆ. ಇದರ ಅರ್ಥ ಏನು? ಬರದ ವರ್ಷವೇ ಮಣ್ಣಿನ ಸಾಲವೂ ಹೆಚ್ಚು. ಮುಂಗಾರಿ ಬೆಳೆಯನ್ನು ಮಳೆ ತಿಂದಿತು, ಉಳಿದ ಆಸೆಯಿಂದ ಬಿತ್ತಿದ ಹಿಂಗಾರಿಯನ್ನು ಕರಗದ ಔಷಧಿ ತಿನ್ನುತ್ತದೆ. ಸಾಹುಕಾರನ ಬಡ್ಡಿಯೂ ಹೀಗೆಯೇ ಅಲ್ಲವೇ, ಕೈಯಲ್ಲಿ ಕಾಸಿಲ್ಲದ ವರ್ಷವೇ ಹೆಚ್ಚು ಬೆಳೆಯುವುದು?

ಮಣ್ಣಿನ ಗುಣವನ್ನೂ ನೋಡಿ. ನಮ್ಮ ಎರೆಭೂಮಿಯಲ್ಲಿ ಜಿಗುಟು ಹೆಚ್ಚು, ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದೂ ಅದೇ ನೆಲ. ಬಿರುಕು ಮುಚ್ಚುವ ಮೊದಲೇ ಔಷಧಿ ಹೊಡೆದು ಅಡ್ಡ ಮಳೆ ಬಂದರೆ ನೀರು ಮಣ್ಣಿನಲ್ಲಿ ಸೋಸದೆ ಬಿರುಕಿನಲ್ಲೇ ಸೀದಾ ಕೆಳಗಿಳಿಯುತ್ತದೆ. ಮಸಾರಿ ಭೂಮಿಯಲ್ಲಿ ಮರಳು ಹೆಚ್ಚು, ಸಾವಯವ ಅಂಶ ಕಡಿಮೆ. ಹಿಡಿದಿಡುವ ಶಕ್ತಿ ಇಲ್ಲ, ಇಂಗಿ ಹೋಗುತ್ತದೆ. ಕೆಳಗಿರುವುದು ಬಿರುಕುಬಂಡೆ, ಅದರ ಸಂದಿನ ನೀರೇ ನಮ್ಮ ಬೋರು. ಹೀಗಿರುವಾಗ ಎರೆಗೂ ಮಸಾರಿಗೂ ಒಂದೇ ಪೊಟ್ಟಣ, ಒಂದೇ ಅಳತೆ ಹೇಳಿ ಮಾರುವುದು ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಗುಳಿಗೆ ಕೊಟ್ಟ ಹಾಗೆ.

ಹಿಂಗಾರಿ ಮತ್ತು ಅಕ್ಕಡಿ ಸಾಲು

ಅಟ್ರಜಿನ್ ಮೆಕ್ಕೆಜೋಳವನ್ನು ಕೊಲ್ಲುವುದಿಲ್ಲ, ಆ ಗಿಡಕ್ಕೆ ಅದನ್ನು ಜೀರ್ಣಿಸುವ ಶಕ್ತಿ ಇದೆ. ದ್ವಿದಳ ಧಾನ್ಯಗಳಿಗೆ, ತರಕಾರಿಗಳಿಗೆ ಆ ಶಕ್ತಿ ಇಲ್ಲ. ಮೊದಲು ಸತ್ತದ್ದು ನಮ್ಮ ಅಕ್ಕಡಿ ಸಾಲು. ತೊಗರಿ, ಅವರೆ, ಅಲಸಂದೆ ಇಟ್ಟ ಹೊಲಕ್ಕೆ ಈ ಔಷಧಿ ಹೊಡೆಯುವ ಹಾಗಿಲ್ಲ. ಔಷಧಿ ಬೇಕೆಂದರೆ ಅಕ್ಕಡಿ ಬಿಡಬೇಕು. ಬಿಟ್ಟೆವು. ಮನೆಯ ಬೇಳೆಗೆ, ದನದ ಹೊಟ್ಟಿಗೆ, ನೆಲಕ್ಕೆ ಸಾರಜನಕ ಕೊಡುವುದಕ್ಕೆ ಇದ್ದ ಸಾಲು ಹೋಯಿತು. ಈಗ ಬೇಳೆಯನ್ನು ಪೇಟೆಯಿಂದ ತರ್ತೇವೆ, ಯೂರಿಯಾಕ್ಕೆ ಸೊಸೈಟಿಯ ಮುಂದೆ ಸಾಲು ನಿಲ್ಲುತ್ತೇವೆ. ಉಳಿದ ಕಳೆ ಕೂಲಿಯ ಪಕ್ಕದಲ್ಲಿ ಈ ಎರಡು ಖರ್ಚು ಬರೆದು ನೋಡಿ.

ಎರಡನೆಯ ಪೆಟ್ಟು ಮೆಕ್ಕೆಜೋಳದ ಹಿಂದೆ ಬಿತ್ತುವ ಕಡಲೆಗೋ ತರಕಾರಿಗೋ ಬೀಳಬಹುದು. ಲಕ್ಷಣ ತಿಳಿದಿರಲಿ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಬೀಜದೊಳಗಿನ ಬುತ್ತಿ ಮುಗಿಯುವ ತನಕ ಗಿಡ ಹಸಿರಾಗಿರುತ್ತದೆ. ಆಮೇಲೆ ಕೆಳಗಿನ ಹಳೆಯ ಎಲೆ ಅಂಚಿನಿಂದ ಹಳದಿಯಾಗಿ, ಸುಟ್ಟ ಹಾಗೆ ಒಣಗುತ್ತದೆ. ಹೊಲದ ತಿರುವಿನಲ್ಲಿ, ಎರಡು ಸಲ ಔಷಧಿ ಬಿದ್ದ ಪಟ್ಟಿಯಲ್ಲಿ ಹೆಚ್ಚು ಕಾಣುತ್ತದೆ. ಎಲೆ ಕಿತ್ತು ಅಂಗಡಿಗೆ ಒಯ್ದರೆ ಏನು ಹೇಳ್ತಾರೆ? "ರೋಗ ಬಂದಿದೆ, ಇದನ್ನು ಹೊಡೀರಿ" ಅಂತ ಇನ್ನೊಂದು ಬಾಟಲಿ ಕೊಡ್ತಾರೆ. ಮೊದಲ ಬಾಟಲಿಯ ಗಾಯಕ್ಕೆ ಎರಡನೆಯ ಬಾಟಲಿ, ಎರಡರ ದುಡ್ಡೂ ಅಲ್ಲಿಗೇ.

ಆ ನಷ್ಟಕ್ಕೆ ಬೆಳೆ ವಿಮೆ ಬರುವುದಿಲ್ಲ. ವಿಮೆ ಇರುವುದು ಬರ, ನೆರೆ, ಆಲಿಕಲ್ಲು, ಕೀಟ, ರೋಗಕ್ಕೆ. ಮಣ್ಣಿನಲ್ಲಿ ಉಳಿದ ಔಷಧಿಗೆ ಅದರಲ್ಲಿ ಜಾಗವಿಲ್ಲ. ಬೆಂಬಲ ಬೆಲೆಯ ಲೆಕ್ಕ ಹಾಕುವ ಆಯೋಗ ಔಷಧಿ ಕೊಂಡ ದುಡ್ಡನ್ನು ಖರ್ಚಿನ ಪಟ್ಟಿಗೆ ಸೇರಿಸುತ್ತದೆ. ಅದರಿಂದ ಕೆಟ್ಟ ಹಿಂಗಾರಿಯನ್ನಾಗಲಿ, ಹೋದ ಅಕ್ಕಡಿಯನ್ನಾಗಲಿ, ಹಾಳಾದ ಬಾವಿಯನ್ನಾಗಲಿ ಸೇರಿಸುವುದಿಲ್ಲ. ಕಡಲೆ ಬೀಜಕ್ಕೆ ಮಾಡಿದ ಸಾಲ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.

ನೀರಿನ ಲೆಕ್ಕ

ಕುಡಿಯುವ ನೀರಿಗೆ ಭಾರತದ ಮಾನಕ ಬ್ಯೂರೋ 2012ರಲ್ಲಿ ಹೊರಡಿಸಿದ ಗುಣಮಟ್ಟದಲ್ಲಿ ಅಟ್ರಜಿನ್‌ಗೆ ಮಿತಿ ಲೀಟರಿಗೆ 2 ಮೈಕ್ರೊಗ್ರಾಂ. ಅಂದರೆ 1 ಗ್ರಾಂ ಅಟ್ರಜಿನ್ 5 ಲಕ್ಷ ಲೀಟರ್ ನೀರನ್ನು ಮಿತಿಯ ಗೆರೆಗೆ ತಂದು ನಿಲ್ಲಿಸುತ್ತದೆ. ಒಂದು ಎಕರೆಗೆ ಹಾಕಿದ 250 ಗ್ರಾಂನಲ್ಲಿ ನೂರಕ್ಕೆ ಒಂದೇ ಪಾಲು ಮಳೆಯಲ್ಲಿ ಹರಿದು ಹೋಯಿತು ಅಂತ ಇಟ್ಟುಕೊಳ್ಳಿ. ಅದು ಎರಡೂವರೆ ಗ್ರಾಂ. ಆ ಲೆಕ್ಕಕ್ಕೆ ಹನ್ನೆರಡೂವರೆ ಲಕ್ಷ ಲೀಟರ್ ನೀರು, 3 ಲಕ್ಷ ಲೀಟರ್ ಹಿಡಿಯುವ ನಾಲ್ಕು ಕೃಷಿಹೊಂಡ. ಒಂದು ಎಕರೆಯ ಒಂದು ಪಾಲಿನ ಲೆಕ್ಕ ಇದು. ನಮ್ಮ ಹಳ್ಳದ ಮೇಲ್ಭಾಗದಲ್ಲಿ ಎಷ್ಟು ಎಕರೆ ಮೆಕ್ಕೆಜೋಳ ಇದೆ?

ಯುರೋಪಿನ ದೇಶಗಳು ಯಾವುದೇ ಒಂದು ಕೃಷಿ ವಿಷಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ, ನಮ್ಮದಕ್ಕಿಂತ ಇಪ್ಪತ್ತು ಪಟ್ಟು ಬಿಗಿ. ಅಂತರ್ಜಲದಲ್ಲಿ ಅಟ್ರಜಿನ್ ಈ ಮಿತಿ ದಾಟುವುದನ್ನು ತಡೆಯಲು ಆಗುವುದಿಲ್ಲ ಎಂದು ಯುರೋಪ್ ಒಕ್ಕೂಟ 2004ರಲ್ಲಿ ಅದಕ್ಕೆ ಬಾಗಿಲು ಹಾಕಿತು. ಜರ್ಮನಿ 1991ರಲ್ಲೇ ನಿಷೇಧಿಸಿತ್ತು. ನಿಷೇಧಿಸಿ ಇಪ್ಪತ್ತು ವರ್ಷ ಕಳೆದ ಮೇಲೂ ಅಲ್ಲಿನ ಅಂತರ್ಜಲದಲ್ಲಿ ಅಟ್ರಜಿನ್ ಮತ್ತು ಅದರ ಮರಿಗಳು ಸಿಗುತ್ತಲೇ ಇದ್ದವು. ಮೇಲ್ಮಣ್ಣಿನಲ್ಲಿ ಕರಗಿಸುವ ಜೀವಿಗಳಿವೆ. ಬಿಸಿಲಿಲ್ಲದ, ಜೀವಿಗಳೂ ಕಡಿಮೆ ಇರುವ ಆಳದ ನೀರಿಗೆ ಇಳಿದದ್ದು ಸುಲಭಕ್ಕೆ ಕರಗುವುದಿಲ್ಲ. ಹೊಲದ ಸಾಲ ಮಗ ತೀರಿಸಬಹುದು, ಬೋರಿನ ಸಾಲ ಮೊಮ್ಮಗನ ತಲೆಗೆ.

ಅಮೆರಿಕದಲ್ಲಿ ಇನ್ನೊಂದು ಕಥೆ. ಅಲ್ಲಿನ ಮೆಕ್ಕೆಜೋಳದ ನಾಡಿನ ಊರುಗಳ ನೀರು ಸರಬರಾಜು ಸಂಸ್ಥೆಗಳು, ನೀರಿನಿಂದ ಅಟ್ರಜಿನ್ ಸೋಸಲು ಆದ ಖರ್ಚು ಕೊಡಿ ಎಂದು ಅದರ ದೊಡ್ಡ ತಯಾರಕ ಸಿಂಜೆಂಟಾ ಕಂಪನಿಯ ಮೇಲೆ ದಾವೆ ಹೂಡಿದವು. 2012ರಲ್ಲಿ ಕಂಪನಿ ತನ್ನ ತಪ್ಪು ಒಪ್ಪಿಕೊಳ್ಳದೆಯೇ ಹತ್ತೂವರೆ ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಲ್ಲಿಯ ಊರಿಗೆ ಸೋಸುವ ಯಂತ್ರ ಇತ್ತು, ಪರೀಕ್ಷೆಯ ದಾಖಲೆ ಇತ್ತು, ವಕೀಲರು ಇದ್ದರು, ಆದ್ದರಿಂದ ದುಡ್ಡು ಬಂತು. ನಿಮ್ಮ ಪಂಚಾಯತಿಯ ನೀರಿನ ಟ್ಯಾಂಕಿನ ಪರೀಕ್ಷಾ ವರದಿ ಕೇಳಿ ನೋಡಿ. ಫ್ಲೋರೈಡು, ನೈಟ್ರೇಟು ಬರೆದಿರಬಹುದು. ಅಟ್ರಜಿನ್ ಎಂಬ ಸಾಲು ಇದೆಯೇ? ಗ್ಲೈಫೋಸೇಟ್, ಪ್ಯಾರಾಕ್ವಾಟ್, ಡೈಯುರಾನ್‌ಗಳಂತೂ ಮಾನಕ ಬ್ಯೂರೋದ ಆ ವಿಷಗಳ ಪಟ್ಟಿಯಲ್ಲೇ ಇಲ್ಲ. ಅಳೆಯದೆ ಇದ್ದರೆ ನೀರು ಶುದ್ಧ ಎಂದು ಸಾರುವುದು ಬಹಳ ಸುಲಭ.

"ಸರ್ಕಾರ ಒಪ್ಪಿದೆ" ಎಂಬ ಮಾತು

ಏಜೆಂಟರ ಕೊನೆಯ ಬಾಣ ಇದು. ಸರ್ಕಾರ ಒಪ್ಪಿರುವುದು ಏನನ್ನು ಎಂದು ನೋಡೋಣ. 2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಇಲಾಖೆಯೇ 27 ಕೃಷಿ ವಿಷಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಅದರಲ್ಲಿ ಏಳು ಕಳೆನಾಶಕಗಳು: ಅಟ್ರಜಿನ್, 2,4-ಡಿ, ಬ್ಯುಟಾಕ್ಲೋರ್, ಡೈಯುರಾನ್, ಪೆಂಡಿಮೆಥಾಲಿನ್, ಆಕ್ಸಿಫ್ಲೋರ್ಫೆನ್, ಸಲ್ಫೊಸಲ್ಫ್ಯುರಾನ್. ಮೂರು ವರ್ಷ ಎಳೆದಾಡಿ 2023ರಲ್ಲಿ ಹೊರಟ ಅಂತಿಮ ಆದೇಶದಲ್ಲಿ ನಿಷೇಧಕ್ಕೆ ಒಳಗಾದವುಗಳಲ್ಲಿ ಈ ಏಳರಲ್ಲಿ ಒಂದೂ ಇರಲಿಲ್ಲ. ಕರಡು ಬರೆದ ದಿನ ಇದ್ದ ಅಪಾಯ ಅಂತಿಮ ಆದೇಶದ ದಿನ ಎಲ್ಲಿ ಅಡಗಿತು?

ಗ್ಲೈಫೋಸೇಟಿನ ಕಥೆ ಇನ್ನೂ ಸೊಗಸು. ನಮ್ಮ ದೇಶದಲ್ಲಿ ಅದಕ್ಕೆ ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಮಾರುವುದು ಎಲ್ಲ ಊರಿನ ಅಂಗಡಿಯಲ್ಲಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಪಡೆದ ಕೀಟ ನಿಯಂತ್ರಣದವರು ಬಿಟ್ಟು ಬೇರೆ ಯಾರೂ ಅದನ್ನು ಬಳಸಬಾರದು ಎಂದು ಆದೇಶ ಹೊರಡಿಸಿತು. ನಮ್ಮ ಹಳ್ಳಿಗಳಲ್ಲಿ ಅಂಥ ಪರವಾನಗಿದಾರನನ್ನು ನೀವು ಎಂದಾದರೂ ಕಂಡಿದ್ದೀರಾ? ಮಾರುವವನ ಕೈ ಹಿಡಿಯಲಿಲ್ಲ, ಹೊಡೆಯುವ ರೈತನನ್ನು ಕಾಗದದ ಮೇಲೆ ಅಪರಾಧಿ ಮಾಡಿದರು. ಇದೇ ಅವರ ಒಪ್ಪಿಗೆಯ ಬೆಲೆ.

ಪೇಟೆಯ ಕೆಲವು ಸಜ್ಜನರಿಗೂ ಒಂದು ಮಾತು. ರೈತರು ವಿಷ ಉಣಿಸುತ್ತಿದ್ದಾರೆ ಎಂದು ಸಭೆಯಲ್ಲಿ ಭಾಷಣ ಮಾಡುವ ನೀವು, ಕೈಯಿಂದ ಕಳೆ ಕಿತ್ತು ಬೆಳೆದ ಕಾಳಿಗೆ ಆ ಕೂಲಿ ಸೇರಿಸಿ ಬೆಲೆ ಕೊಡಲು ತಯಾರಿದ್ದೀರಾ? ವಿಷವನ್ನು ಮೊದಲು ಮೈಮೇಲೆ ಸುರಿದುಕೊಳ್ಳುವವನು, ಅದು ಇಳಿದ ಬಾವಿಯ ನೀರನ್ನು ಮೊದಲು ಕುಡಿಯುವವನು ರೈತನೇ. ನ್ಯಾಯವಾದ ಬೆಲೆ ಬಂದ ದಿನ ಹೆಣ್ಣಾಳಿಗೆ ನ್ಯಾಯವಾದ ಕೂಲಿಯೂ ಬರುತ್ತದೆ, ಪೊಟ್ಟಣದ ಹಂಗೂ ಕಡಿಮೆಯಾಗುತ್ತದೆ.

ಏನು ಕೇಳಬೇಕು, ಏನು ಮಾಡಬೇಕು

ನಮ್ಮ ಬೇಡಿಕೆ ನಾಲ್ಕು. ಪ್ರತಿ ಕಳೆನಾಶಕದ ಪೊಟ್ಟಣದ ಮೇಲೆ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅದರ ಅರ್ಧಾಯುಷ್ಯ ಎಷ್ಟು, ಅದರ ಹಿಂದೆ ಯಾವ ಬೆಳೆ ಎಷ್ಟು ತಿಂಗಳು ಬಿತ್ತಬಾರದು, ಎರೆಗೆ ಎಷ್ಟು, ಮಸಾರಿಗೆ ಎಷ್ಟು ಎಂದು ಬರೆಯಬೇಕು. ಪ್ರತಿ ತಾಲ್ಲೂಕಿನಲ್ಲಿ ಮಣ್ಣು ಮತ್ತು ನೀರಿನಲ್ಲಿ ಉಳಿದ ವಿಷವನ್ನು ಅಳೆಯುವ ವ್ಯವಸ್ಥೆ ಸರ್ಕಾರದ ಖರ್ಚಿನಲ್ಲಿ ಆಗಬೇಕು, ವರದಿ ಪಂಚಾಯತಿ ಗೋಡೆಯ ಮೇಲೆ ಬರಬೇಕು. ಉಳಿಕೆ ಔಷಧಿಯಿಂದ ಹೋದ ಬೆಳೆಗೆ ಮಾರಿದ ಕಂಪನಿ ಪರಿಹಾರ ಕಟ್ಟಬೇಕು. ಬೆಂಬಲ ಬೆಲೆಯ ಲೆಕ್ಕಕ್ಕೆ ಕೈಯಿಂದ ಕಳೆ ತೆಗೆಸುವ ಪೂರ್ತಿ ಕೂಲಿ ಸೇರಿಸಬೇಕು, ಆ ಬೆಲೆಗೆ ಸರ್ಕಾರ ಕೊಳ್ಳಬೇಕು.

ಅಲ್ಲಿಯ ತನಕ ಕೈಕಟ್ಟಿ ಕೂರುವುದು ಬೇಡ. ಬಿಲ್ಲು ಇಲ್ಲದೆ ಒಂದು ಪೊಟ್ಟಣವನ್ನೂ ಕೊಳ್ಳಬೇಡಿ. ಬಿಲ್ಲು, ಖಾಲಿ ಪೊಟ್ಟಣ, ಹೊಡೆದ ತಾರೀಖು ಮೂರನ್ನೂ ಜೋಪಾನವಾಗಿಡಿ. ಬೀಜ ಕೊಂಡ ರೈತ ಗ್ರಾಹಕನೇ, ಅವನಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಬೀಜಕ್ಕೆ ಇರುವ ನ್ಯಾಯವನ್ನು ಔಷಧಿಗೂ ಕೇಳೋಣ. ಆದರೆ ಕಾಗದ ಇಲ್ಲದವನ ಮಾತನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ.

ಹಿಂಗಾರಿಗೆ ಮೊದಲು ಕಾಸಿಲ್ಲದ ಒಂದು ಪರೀಕ್ಷೆ ಮಾಡಿ. ಔಷಧಿ ಹೊಡೆದ ಹೊಲದ ನಾಲ್ಕಾರು ಕಡೆಯ ಮೇಲ್ಮಣ್ಣು ಒಂದು ಕುಂಡಕ್ಕೆ, ಔಷಧಿ ಕಾಣದ ಹಿತ್ತಲಿನ ಅಂಥದೇ ಮಣ್ಣು ಇನ್ನೊಂದಕ್ಕೆ ತುಂಬಿ. ಎರಡರಲ್ಲೂ ಸೌತೆ ಬೀಜವನ್ನೂ ನೀವು ಬಿತ್ತಬೇಕೆಂದಿರುವ ಬೀಜವನ್ನೂ ಹಾಕಿ ಸಮ ನೀರು ಕೊಡಿ. ಮೊಳಕೆ ನೋಡಿ ತೀರ್ಮಾನ ಮಾಡಬೇಡಿ, ಮೂರು ವಾರ ಕಾಯಿರಿ. ಹೊಲದ ಮಣ್ಣಿನ ಗಿಡ ಮಾತ್ರ ಅಂಚಿನಿಂದ ಸುಟ್ಟರೆ ಆ ಹೊಲಕ್ಕೆ ಆ ವರ್ಷ ಕಡಲೆ ಬೇಡ, ಜೋಳ ಬಿತ್ತಿ.

ಔಷಧಿ ಅನಿವಾರ್ಯ ಎಂದವರು ಬೆಳೆಯ ಸಾಲಿನ ಮೇಲೆ ಮಾತ್ರ ಪಟ್ಟಿಯಾಗಿ ಹೊಡೆದು ನಡುವಿನ ಜಾಗಕ್ಕೆ ಎಡೆಕುಂಟೆ ಹಾಯಿಸಿ, ಪೊಟ್ಟಣ ಅರ್ಧಕ್ಕೆ ಇಳಿಯುತ್ತದೆ. ಮೋಡ ಕಟ್ಟಿದ ದಿನ ಹೊಡೆಯಬೇಡಿ. ಹಳ್ಳದ ದಂಡೆಗೆ, ಬಾವಿಯ ಸುತ್ತ ಹುಲ್ಲಿನ ಪಟ್ಟಿ ಬಿಡಿ. ಪಂಪನ್ನು ಬಾವಿಯ ಕಟ್ಟೆಯ ಮೇಲೆ ತೊಳೆಯಬೇಡಿ. ತಿಪ್ಪೆಗೊಬ್ಬರ ಹಾಕಿ, ಆ ಸಾಲ ತೀರಿಸುವ ಆಳುಗಳು ಅದರಲ್ಲೇ ಇದ್ದಾರೆ.

1980ರಲ್ಲಿ ನರಗುಂದ ನವಲಗುಂದದ ರೈತರು ಅಭಿವೃದ್ಧಿ ಕರದ ಚೀಟಿ ಬಂದಾಗ ಇದು ನಮ್ಮ ಬಾಕಿ ಅಲ್ಲ ಎಂದು ಎದ್ದು ನಿಂತರು. ಆ ಚೀಟಿ ಕಣ್ಣಿಗೆ ಕಾಣುತ್ತಿತ್ತು. ಇಂದಿನ ಚೀಟಿ ಮಣ್ಣಿನಲ್ಲಿ, ನೀರಿನಲ್ಲಿ ಕಾಣದ ಅಕ್ಷರದಲ್ಲಿ ಬರೆದಿದೆ. ಮುಂದಿನ ತಿಂಗಳ ಸಂಘದ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಮನೆಯ ಖಾಲಿ ಪೊಟ್ಟಣಗಳ ಚೀಟಿ ತನ್ನಿ. ಮುಂದಿನ ಬೆಳೆಯ ಬಗ್ಗೆ ಅದರಲ್ಲಿ ಎಷ್ಟು ಸಾಲು ಇದೆ ಎಂದು ಕೂಡಿ ಓದೋಣ. ಓದಿ ಮುಗಿದ ಮೇಲೆ ಈ ಬಾಕಿ ಯಾರದ್ದು ಎಂದು ಕೃಷಿ ಇಲಾಖೆಯ ಕಚೇರಿಯ ಮುಂದೆ ಕೂತು ಕೇಳೋಣ.